ಮಗುವಿನ ದುಃಖದ ಮೇಲೊಂದು ಪದ್ಯ ಕಾದಂಬರಿ: ಮೊದಲ ಚೀಟಿಯಿಂದ ಕೊನೆಯ ಪ್ರೂಫ್‌ವರೆಗೆ

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹೊಸ ಬರಹಗಾರರು ಓದಲು ಕೊಡುವ ಹಸ್ತಪ್ರತಿಗಳಲ್ಲಿ ಒಂದು ಬಗೆ ಮತ್ತೆ ಮತ್ತೆ ಬರುತ್ತದೆ. ಹರೆಯದ ಓದುಗರಿಗಾಗಿ ಪದ್ಯಗಳಲ್ಲೇ ಹೇಳುವ ಕಾದಂಬರಿ. ಮನೆಯವರೊಬ್ಬರನ್ನು ಕಳೆದುಕೊಂಡ ಮಗುವಿನ ಕಥೆ. ಇವು ನಿಂತುಹೋಗುವ ಜಾಗವೂ ಒಂದೇ. ಮೊದಲ ಪದ್ಯದಲ್ಲೇ ಸಾವು ಬರುತ್ತದೆ, ಆಮೇಲೆ ಇಪ್ಪತ್ತು ಮೂವತ್ತು ಪದ್ಯ ಬರೀ ಕಣ್ಣೀರು. ಅಲ್ಲಿಗೆ ಹೇಳಲು ಏನೂ ಉಳಿಯುವುದಿಲ್ಲ, ಬರೆಯುವವರು ಪೆನ್ನು ಕೆಳಗಿಡುತ್ತಾರೆ.

ಕವಿತೆ ಬರೆಯಲು ಬಾರದೆ ಹೀಗಾಗುತ್ತಿಲ್ಲ. ಕೆಲಸದ ಸರದಿ ತಪ್ಪಿದೆ, ಅಷ್ಟೇ. ಈ ಪುಸ್ತಕಕ್ಕೆ ಮೊದಲು ಬೇಕಾದದ್ದು ಮಗುವಿನ ದಿನಚರಿ. ಅಳು ಬರೆಯುವುದು ಕಟ್ಟಕಡೆಗೆ. ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ.

ಮೊದಲು ಕೈಗೆ ಬೇಕಾದದ್ದು

200 ಪುಟದ ಒಂದು ನೋಟ್‌ಬುಕ್. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಒಂದು ಕಟ್ಟು ಚೀಟಿ. ಧ್ವನಿ ರೆಕಾರ್ಡ್ ಮಾಡುವ ಫೋನ್. ಕಥೆ ನಡೆಯುವ ವರ್ಷದ ಗೋಡೆ ಕ್ಯಾಲೆಂಡರ್, ಅದೂ ಹಬ್ಬ, ಅಮಾವಾಸ್ಯೆ, ಶಾಲೆಯ ರಜೆ ಎಲ್ಲಾ ಇರುವಂಥದ್ದು. ಹಳೆಯ ವರ್ಷದ ಕ್ಯಾಲೆಂಡರ್ ಸಿಗದಿದ್ದರೆ ನೆಟ್‌ನಲ್ಲಿ ಹುಡುಕಿ ಪ್ರಿಂಟ್ ತೆಗೆದುಕೊಳ್ಳಿ.

ಇದರಲ್ಲಿ ಕ್ಯಾಲೆಂಡರನ್ನು ಮಾತ್ರ ಬಿಡಬೇಡಿ. ಅದಿಲ್ಲದೆ ಶುರು ಮಾಡಿದವರೇ ಮೂವತ್ತನೇ ಪದ್ಯಕ್ಕೆ ನಿಲ್ಲುವುದು.

ಹಂತ 1: ಮಗುವಿನ ವಯಸ್ಸು ನಿಗದಿ ಮಾಡಿ

‘ಚಿಕ್ಕ ಹುಡುಗಿ’ ಎಂದರೆ ಸಾಲದು. ವಯಸ್ಸು ಬರೆದುಕೊಳ್ಳಿ. ಮಗು ಸಾವನ್ನು ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ.

ಮೂರರಿಂದ ಐದು ವರ್ಷದ ಮಗುವಿಗೆ ಸತ್ತವರು ತಿರುಗಿ ಬರುವುದಿಲ್ಲ ಎಂಬುದು ಸರಿಯಾಗಿ ಹೊಳೆಯುವುದಿಲ್ಲ. ‘ಯಾವಾಗ ಬರ್ತಾನ?’ ಎಂದು ಕೇಳುತ್ತಲೇ ಇರುತ್ತದೆ. ಏಳು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಅದು ಗೊತ್ತಾಗುತ್ತದೆ. ಹತ್ತರ ಆಸುಪಾಸಿನಲ್ಲಿ ‘ನಾನೂ ಸಾಯ್ತೀನಿ, ಅವ್ವನೂ ಸಾಯ್ತಾಳ’ ಎಂಬ ಹೆದರಿಕೆ ಸೇರಿಕೊಳ್ಳುತ್ತದೆ. ಹದಿಮೂರು ದಾಟಿದವರು ದುಃಖವನ್ನು ಬಚ್ಚಿಡುತ್ತಾರೆ, ಗೆಳತಿಯರ ಮುಂದೆ ಏನೂ ಆಗದವರಂತೆ ಇರುತ್ತಾರೆ.

ಎಲ್ಲಾ ವಯಸ್ಸಿಗೂ ಹೊಂದುವ ಎರಡು ಸಂಗತಿಗಳಿವೆ. ಮಕ್ಕಳು ಒಂದೇ ಸಮನೆ ದುಃಖದಲ್ಲಿರುವುದಿಲ್ಲ. ಈಗ ಅತ್ತು, ಹತ್ತು ನಿಮಿಷಕ್ಕೆ ಹೊರಗೆ ಹೋಗಿ ಆಡುತ್ತಾರೆ. ಆಡಿದ್ದಕ್ಕೆ ಆಮೇಲೆ ಒಳಗೇ ನಾಚಿಕೆಪಡುತ್ತಾರೆ. ಎರಡನೆಯದು, ‘ನನ್ನಿಂದಲೇ ಹೀಗಾಯ್ತು’ ಎಂಬ ತಪ್ಪಿತಸ್ಥ ಭಾವ. ಸಿಟ್ಟಿನಲ್ಲಿ ಅಂದ ಒಂದು ಮಾತು ಸಾವು ತಂದಿತು ಎಂದು ಮಗು ನಂಬಿಬಿಡುತ್ತದೆ, ಯಾರಿಗೂ ಹೇಳುವುದಿಲ್ಲ. ಕಾದಂಬರಿಯನ್ನು ಮುಂದಕ್ಕೆ ಎಳೆಯುವ ಗುಟ್ಟು ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕಲಬುರಗಿ ಜಿಲ್ಲೆಯ ಶಹಾಬಾದಿನ ಹುಡುಗಿ, ವಯಸ್ಸು 13. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕೆಲಸಗಾರ. ಎಂಟು ವರ್ಷದ ತಮ್ಮ ದಸರಾ ರಜೆಯಲ್ಲಿ, ಕೆಲಸ ನಿಂತು ಮಳೆನೀರು ತುಂಬಿದ ಕಲ್ಲಿನ ಖಣಿಯಲ್ಲಿ ಮುಳುಗಿ ಸಾಯುತ್ತಾನೆ. ಅವತ್ತು ಬೆಳಗ್ಗೆ ‘ನನ್ ಬೆನ್ ಹತ್ತಬ್ಯಾಡ, ಎಲ್ಲಿಗರೆ ಹೋಗು’ ಎಂದು ಅಕ್ಕ ಬೈದಿರುತ್ತಾಳೆ.

ಹಂತ 2: ಕ್ಯಾಲೆಂಡರ್ ಮೇಲೆ ಒಂದು ವರ್ಷ ಹರಡಿ

ಸಾವಿನ ದಿನಕ್ಕೆ ಒಂದು ಚುಕ್ಕೆ ಇಡಿ. ಅಲ್ಲಿಂದ ಮುಂದಿನ ಹನ್ನೆರಡು ತಿಂಗಳಲ್ಲಿ ಆ ಮನೆಗೆ ಏನೇನು ಬರುತ್ತದೆ ನೋಡಿ. ದುಃಖಕ್ಕೆ ತನ್ನದೇ ಕಥೆ ಇರುವುದಿಲ್ಲ, ತಿಂಗಳುಗಳಿಗೆ ಇರುತ್ತದೆ.

ನಮ್ಮ ಹುಡುಗಿಯ ವರ್ಷ ಹೀಗೆ ಸಾಗುತ್ತದೆ. ದಸರಾ ಮುಗಿದು ಶಾಲೆ ಶುರುವಾದ ದಿನ, ತಮ್ಮನ ತರಗತಿಯ ಮುಂದೆ ಹಾದುಹೋಗಬೇಕು. ದೀಪಾವಳಿ ಬರುತ್ತದೆ, ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ಓಣಿಯೆಲ್ಲಾ ಪಟಾಕಿ. ಡಿಸೆಂಬರ್ ಇಲ್ಲವೇ ಜನವರಿಗೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಹೊಲದಲ್ಲಿ ಚರಗ (ಬೆಳೆಗೆ ಎಡೆ ಚೆಲ್ಲುವುದು), ಭಜ್ಜಿ, ಕಡಬು. ಹೋದ ವರ್ಷ ತಮ್ಮ ಯಾರ ಹೆಗಲ ಮೇಲೆ ಕೂತು ಹೊಲಕ್ಕೆ ಹೋಗಿದ್ದ? ಆಗಲೇ ತೊಗರಿ ಕೊಯ್ಲು. ಮಾರ್ಚಿನಲ್ಲಿ ಕಲಬುರಗಿಯ ಶರಣಬಸವೇಶ್ವರ ಜಾತ್ರೆ. ಏಪ್ರಿಲ್ ಮೇ ಬಂದರೆ 40 ಡಿಗ್ರಿ ದಾಟುವ ಬಿಸಿಲು. ನೀರು ಕಂಡರೆ ಇಳಿಯಬೇಕು ಅನ್ನಿಸುವ ಕಾಲ ಅದು, ಈ ಹುಡುಗಿಗೆ ನೀರೆಂದರೆ ಹೆದರಿಕೆ. ಜೂನಿನಲ್ಲಿ ಹೊಸ ತರಗತಿ. ಶ್ರಾವಣದಲ್ಲಿ ನಾಗರ ಪಂಚಮಿ. ಆಮೇಲೆ ಮತ್ತೆ ದಸರಾ ರಜೆ, ಮತ್ತೆ ಖಣಿ ತುಂಬುತ್ತದೆ.

ನೋಡಿ, ಇನ್ನೂ ಒಂದು ಸಾಲು ಕವಿತೆ ಬರೆದಿಲ್ಲ, ಆಗಲೇ ಕಾದಂಬರಿಯ ಬೆನ್ನೆಲುಬು ಸಿಕ್ಕಿತು.

ಮೊಹರಂ ಸೇರಿಸುವುದಾದರೆ ಎಚ್ಚರ. ಅದು ಚಂದ್ರಮಾನದ ಲೆಕ್ಕ, ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ನಿಮ್ಮ ಕಥೆಯ ವರ್ಷದಲ್ಲಿ ಯಾವ ತಿಂಗಳಿಗೆ ಬಂದಿತ್ತು ನೋಡಿಕೊಂಡೇ ಬರೆಯಿರಿ. ನಮ್ಮ ಕಡೆ ಮೊಹರಂ ಎರಡೂ ಸಮುದಾಯದವರದ್ದು. ಅಲ್ಲಿ ಹಾಡುವ ರಿವಾಯತ್ ಪದಗಳು ಶೋಕದ ಹಾಡುಗಳೇ. ನೂರಾರು ಜನ ಒಟ್ಟಿಗೆ ನಿಂತು ಯಾರದೋ ಸಾವಿಗೆ ಅಳುವುದನ್ನು ಒಂದು ಮಗು ನೋಡುತ್ತದೆ. ಇಂಥ ಸಂದರ್ಭ ಸಿಕ್ಕರೆ ಬಿಡಬೇಡಿ.

ಹಂತ 3: ಸಾವಿನ ದಿನದ ವಿವರ ಸಂಗ್ರಹಿಸಿ

ಇಲ್ಲಿ ಎರಡು ತಪ್ಪು ಜಾಸ್ತಿ.

ಮೊದಲನೆಯದು, ಸಿನಿಮಾದಲ್ಲಿ ಕಂಡ ಅಂತ್ಯಕ್ರಿಯೆಯನ್ನು ಎತ್ತಿ ತರುವುದು. ಲಿಂಗಾಯತ ಮನೆಯ ಕಥೆಯಲ್ಲಿ ಚಿತೆ ಉರಿಯುತ್ತದೆ! ಅವರಲ್ಲಿ ಕುಳ್ಳಿರಿಸಿ, ವಿಭೂತಿ ಇಟ್ಟು ಮಣ್ಣು ಕೊಡುತ್ತಾರೆ. ಮುಸ್ಲಿಂ ಮನೆಯಾದರೆ ಜನಾಜಾ, ಮೂರನೇ ದಿನ, ನಲವತ್ತನೇ ದಿನ ಎಲ್ಲಕ್ಕೂ ಬೇರೆ ಕ್ರಮ. ನಿಮ್ಮ ಪಾತ್ರದ ಮನೆಯವರು ಯಾರು ಎಂದು ಮೊದಲೇ ತೀರ್ಮಾನಿಸಿ, ಅಂಥ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಸಣ್ಣ ಮಕ್ಕಳಿಗೆ ಮಾಡುವ ಕ್ರಮ ದೊಡ್ಡವರದಕ್ಕಿಂತ ಬೇರೆ ಇರಬಹುದು, ಅದನ್ನೂ ಕೇಳಿ. ನೀರಿನಲ್ಲಿ ಮುಳುಗಿದ ಸಾವಾದರೆ ಪೊಲೀಸರು, ಪಂಚನಾಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಇವೂ ಇರುತ್ತವೆ. ಹುಡುಗ ಮನೆಗೆ ಬರುವುದು ತಡವಾಗುತ್ತದೆ. ಆ ಕಾಯುವ ಹೊತ್ತನ್ನು ಬಹಳ ಜನ ಬರೆಯುವುದೇ ಇಲ್ಲ.

ಎರಡನೆಯದು, ಎಲ್ಲವನ್ನೂ ದೊಡ್ಡವರ ಕಣ್ಣಿನಿಂದ ನೋಡುವುದು. ಮಕ್ಕಳನ್ನು ಆ ದಿನ ಪಕ್ಕದ ಮನೆಗೆ ಕಳಿಸಿಬಿಡುತ್ತಾರೆ ಅಲ್ವಾ? ಹಾಗಿದ್ದರೆ ನಮ್ಮ ಹುಡುಗಿಗೆ ಕಾಣುವುದು ಪಕ್ಕದ ಮನೆಯ ಟಿವಿ, ಕೈಗೆ ಕೊಟ್ಟ ಬಿಸ್ಕೀಟು, ಗೋಡೆಯಾಚೆಯ ದನಿ. ಹೆಂಗಸರು ಹಾಡಿಕೊಂಡು ಅಳುವುದು ಕೇಳುತ್ತದೆ. ಅವ್ವನ ದನಿ ಯಾವುದು ಎಂದು ಹುಡುಕುತ್ತಾಳೆ. ಅಷ್ಟನ್ನೇ ಬರೆಯಿರಿ.

ಸುತ್ತಲಿನವರು ಮಗುವಿಗೆ ಏನು ಹೇಳುತ್ತಾರೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ‘ಮಲಗ್ಯಾನ’ ಎಂದರೆ ಸಣ್ಣ ಮಕ್ಕಳಿಗೆ ಮಲಗಲು ಹೆದರಿಕೆ ಹುಟ್ಟುತ್ತದೆ. ‘ದೇವರು ಕರ್ಕೊಂಡ’ ಎಂದರೆ ದೇವರ ಮೇಲೆ ಸಿಟ್ಟು ಬರುತ್ತದೆ. ದೊಡ್ಡವರು ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು ಮಗುವಿನಲ್ಲಿ ಏನು ಮಾಡಿತು ಅನ್ನುವುದಕ್ಕೇ ನಾಲ್ಕಾರು ಪದ್ಯ ಬೇಕು.

ಹಂತ 4: ಚೀಟಿಗಳಲ್ಲಿ ಬರೀ ಘಟನೆ ಬರೆಯಿರಿ

ಈಗ ಚೀಟಿ ತೆಗೆಯಿರಿ. ಒಂದು ಚೀಟಿಗೆ ಒಂದು ಘಟನೆ, ಗದ್ಯದಲ್ಲಿ, ಎರಡು ಮೂರೇ ಸಾಲು. ನಿಯಮ ಒಂದೇ: ದುಃಖ, ನೋವು, ಕಣ್ಣೀರು, ಶೂನ್ಯ, ನೆನಪು, ಈ ಐದು ಪದ ಬಳಸಬಾರದು.

ಸರಿಯಾದ ಚೀಟಿ ಹೀಗಿರುತ್ತದೆ: ‘ಹಾಜರಿ ಪುಸ್ತಕದಲ್ಲಿ ತಮ್ಮನ ಹೆಸರು ಹೊಡೆದಿಲ್ಲ. ಹೊಸ ಮೇಡಂ ಗೊತ್ತಿಲ್ಲದೆ ಕೂಗುತ್ತಾರೆ, ಇಡೀ ತರಗತಿ ಸುಮ್ಮನಾಗುತ್ತದೆ. ಮಧ್ಯಾಹ್ನ ಅವನ ಗೆಳೆಯ ಬಂದು ಅಕ್ಕನಿಗೆ ಹೇಳುತ್ತಾನೆ.’ ತಪ್ಪು ಚೀಟಿ ಹೀಗಿರುತ್ತದೆ: ‘ಶಾಲೆಯಲ್ಲಿ ಅವಳಿಗೆ ಬಹಳ ಬೇಜಾರಾಗುತ್ತದೆ.’

60 ಚೀಟಿ ಆಗುವ ತನಕ ಪದ್ಯ ಮುಟ್ಟಬೇಡಿ. ಅದರಲ್ಲಿ ಹದಿನೈದಾದರೂ ಸಾವಿಗೆ ನೇರ ಸಂಬಂಧವಿಲ್ಲದ್ದಿರಲಿ. ಪರೀಕ್ಷೆ, ಗೆಳತಿಯ ಜೊತೆ ಜಗಳ, ಮೊದಲ ಸಲ ಮುಟ್ಟಾಗಿದ್ದು, ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಕಾಕಾ, ಎರಡು ದಿನ ಬಾರದ ನಲ್ಲಿ ನೀರು. ಹದಿಮೂರರ ಹುಡುಗಿ ಬೆಳೆಯುತ್ತಲೇ ಇರುತ್ತಾಳೆ, ಸಾವು ಅದನ್ನು ನಿಲ್ಲಿಸುವುದಿಲ್ಲ. ತಾನು ಬೆಳೆಯುತ್ತಿದ್ದೇನೆ, ತಮ್ಮ ಎಂಟರಲ್ಲೇ ನಿಂತ ಎಂಬುದು ಅವಳಿಗೆ ತಟ್ಟುವ ಒಂದು ದಿನ ಬರಬೇಕು. ಆ ಚೀಟಿಯನ್ನು ಪಕ್ಕಕ್ಕೆ ಎತ್ತಿಡಿ, ಅದು ಕೊನೆಯ ಭಾಗಕ್ಕೆ.

ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಓದಿ. ಒಂದು ಕಥೆ ಕಾಣುತ್ತಿದೆಯಾ? ಮುಂದೇನು ಎಂಬ ಕುತೂಹಲ ಎಲ್ಲಾದರೂ ಹುಟ್ಟುತ್ತಿದೆಯಾ? ಇಲ್ಲದಿದ್ದರೆ ಇಲ್ಲೇ ನಿಲ್ಲಿ. ಇಲ್ಲಿ ಕಾಣದ ಕಥೆಯನ್ನು ಪದ್ಯ ತಂದುಕೊಡುವುದಿಲ್ಲ.

ಹಂತ 5: ದನಿ ಹಿಡಿಯಿರಿ

ಹುಡುಗಿ ಯಾವ ಕನ್ನಡದಲ್ಲಿ ಮಾತಾಡುತ್ತಾಳೆ? ಮಾತುಕತೆ ಊರಿನದ್ದು, ನಿರೂಪಣೆ ಶಾಲೆಯ ಕನ್ನಡದ್ದು ಅನ್ನುವ ಹಂಚಿಕೆ ಹೊಸಬರಿಗೆ ಸುಲಭ. ಪೂರ್ತಿ ಊರ ಭಾಷೆಯಲ್ಲೇ ಬರೆಯುವ ಧೈರ್ಯವಿದ್ದರೆ ಇನ್ನೂ ಒಳ್ಳೆಯದು. ಎರಡನ್ನೂ ಕಂಡಕಂಡಲ್ಲಿ ಬೆರೆಸಬೇಡಿ.

ಧಾರವಾಡದ ಮಾತನ್ನು ಕಲಬುರಗಿಯದೆಂದು ತಂದಿಟ್ಟರೆ ಇಲ್ಲಿಯವರಿಗೆ ತಕ್ಷಣ ಗೊತ್ತಾಗುತ್ತದೆ. ‘ಮಾಡಾಕತ್ತೀನಿ’ ಅಲ್ಲ, ‘ಮಾಡ್ಲಾಕತ್ತೀನಿ’. ಅಜ್ಜನನ್ನು ‘ಮುತ್ಯಾ’ ಎಂದೇ ಕರೆಯಲಿ. ಬೀದರ್ ಕಡೆಯ ಕಥೆಯಾದರೆ ಉರ್ದು, ಮರಾಠಿ ಪದ ತಾನಾಗಿ ಬರುತ್ತವೆ, ತಡೆಯಬೇಡಿ. ಮನೆಯವರ ಒಪ್ಪಿಗೆ ಪಡೆದು ಅರ್ಧ ಗಂಟೆ ಮಾತು ರೆಕಾರ್ಡ್ ಮಾಡಿ, ಬರೆಯುವ ಮುಂಚೆ ಒಂದು ಸಲ ಕೇಳಿ.

ಹಂತ 6: ಚೀಟಿಯನ್ನು ಪದ್ಯ ಮಾಡಿ

ಕೆಲವು ಚೀಟಿಗೆ ಒಂದು ಪದ್ಯ, ಹಲವಕ್ಕೆ ಎರಡು ಮೂರು. 60 ಚೀಟಿಯಿಂದ 100–120 ಪದ್ಯ ಬಂದರೆ ಒಳ್ಳೆಯ ಅಳತೆ. ಹೆಚ್ಚಿನವು ಒಂದು ಪುಟ ದಾಟದಿರಲಿ.

ಕೈಗೆ ಮೊದಲು ಬರುವ ಪದ್ಯ ಸಾಮಾನ್ಯವಾಗಿ ಹೀಗಿರುತ್ತದೆ:

ಕಣ್ಣೀರ ಕಡಲಲ್ಲಿ ಮುಳುಗಿದೆ ಬಾಳ ದೋಣಿ
ತಮ್ಮಾ, ನೀನಿಲ್ಲದ ಈ ಜಗವೇ ಶೂನ್ಯ
ಯಾವ ವಿಧಿಯ ಕ್ರೂರ ಆಟವೋ ಇದು

ಇದರಲ್ಲಿ ಶಹಾಬಾದ್ ಇಲ್ಲ, ಹದಿಮೂರರ ಹುಡುಗಿ ಇಲ್ಲ, ತಮ್ಮನೂ ಇಲ್ಲ. ಯಾರು ಯಾರಿಗೆ ಬೇಕಾದರೂ ಬರೆಯಬಹುದಾದ ಸಾಲುಗಳಿವು. ಈಗ ಒಂದು ಚೀಟಿ ತೆಗೆದುಕೊಳ್ಳಿ: ‘ಅವ್ವ ತಮ್ಮನ ಲೆಕ್ಕದ ರೊಟ್ಟಿಯನ್ನೂ ಬಡಿಯುತ್ತಾಳೆ.’

ಅವ್ವ ಇವತ್ತೂ
ಹನ್ನೆರಡು ರೊಟ್ಟಿ ಬಡಿದಳು.
ಅಪ್ಪಗ ನಾಕು. ಮುತ್ಯಾಗ ಮೂರು.
ತನಗ ಎರಡು. ನನಗ ಎರಡು.
ಉಳಿದದ್ದು ಒಂದು,
ಸಣ್ಣದು.
ಅದರ ಮ್ಯಾಲೂ ನೀರು ಸವರಿ
ತಿರುವಿ ಹಾಕಿದಳು.
ಮಧ್ಯಾಹ್ನಕ್ಕ ಅದು ಕಟಕ್ ಆಗಿತ್ತು.
ಮುತ್ಯಾ ಮುರಿದು
ಮಜ್ಜಿಗಿಗೆ ಹಾಕ್ಕೊಂಡ.
ಯಾರೂ ಏನೂ ಅನ್ನಲಿಲ್ಲ.

ಇದರಲ್ಲಿ ಕೆಲಸ ಮಾಡುತ್ತಿರುವುದು ಎಣಿಕೆ. ಓದುವ ಹುಡುಗ ತಾನೇ ಕೂಡಿಸಿ ನೋಡುತ್ತಾನೆ, ಹನ್ನೊಂದಾಗುತ್ತದೆ. ಹನ್ನೆರಡನೆಯದು ಯಾರದ್ದು ಎಂದು ಅವನಿಗೇ ಹೊಳೆಯಬೇಕು. ‘ಅದು ತಮ್ಮನದ್ದು’ ಎಂದು ಬರೆದರೆ ಪದ್ಯ ಸತ್ತಿತು.

ಸಾಲು ಎಲ್ಲಿ ಮುರಿಯಬೇಕು? ಜೋರಾಗಿ ಓದಿ. ಉಸಿರು ನಿಲ್ಲುವಲ್ಲಿ ಇಲ್ಲವೇ ಮಗು ಹೇಳಲು ಹಿಂಜರಿಯುವಲ್ಲಿ ಮುರಿಯಿರಿ. ‘ಸಣ್ಣದು’ ಎಂಬ ಒಂದೇ ಪದ ಒಂದು ಸಾಲಾಗಿದ್ದು ಅದಕ್ಕೇ. ಪ್ರತಿ ಸಾಲಿಗೂ ಒಂದೇ ಪದ ಇಟ್ಟು ಪುಟ ತುಂಬಿಸಿದರೆ ಆ ಬಲ ಹೋಗುತ್ತದೆ. ಪರೀಕ್ಷೆಗೆ ಪದ್ಯವನ್ನು ಗದ್ಯದಂತೆ ಒಂದೇ ಸಾಲಿನಲ್ಲಿ ಬರೆದು ಓದಿ. ಏನೂ ನಷ್ಟವಾಗಲಿಲ್ಲ ಅನ್ನಿಸಿದರೆ ಅದು ಇನ್ನೂ ಪದ್ಯವಾಗಿಲ್ಲ.

ಛಂದಸ್ಸು ಬೇಕಾ? ಇಡೀ ಪುಸ್ತಕಕ್ಕೆ ಬೇಡ, ಆದರೆ ಕೆಲವು ಕಡೆ ಬಹಳ ಉಪಯೋಗಕ್ಕೆ ಬರುತ್ತದೆ. ಮೂರು ಮಾತ್ರೆಯ ಗಣ ಓಡುತ್ತದೆ: ‘ಓಡಿ ಬಂದ, ಗೇಟು ತೆಗೆದ.’ ತಮ್ಮ ಬದುಕಿದ್ದಾಗಿನ ಆಟದ ಪದ್ಯಗಳಿಗೆ ಇದು ಸರಿ. ನಾಲ್ಕು ಮಾತ್ರೆಯದು ನಡೆಯುತ್ತದೆ: ‘ಅವ್ವನ ಬುಟ್ಟಿಲಿ ರೊಟ್ಟಿಯ ಎಣಿಸಿದೆ.’ ಮನೆಗೆಲಸದ ಪದ್ಯಗಳಿಗೆ ಹೊಂದುತ್ತದೆ. ಸಾವಿನ ನಂತರದ ಮೊದಲ ವಾರದ ಪದ್ಯಗಳಲ್ಲಿ ಲಯವನ್ನು ಪೂರ್ತಿ ಬಿಟ್ಟುಬಿಡಿ. ಆಮೇಲೆ ಎಷ್ಟೋ ತಿಂಗಳಿಗೆ ಒಂದು ಪದ್ಯದಲ್ಲಿ ಆ ಮೂರು ಮಾತ್ರೆ ತಿರುಗಿ ಬಂದರೆ, ಹುಡುಗಿ ಮತ್ತೆ ಆಡುತ್ತಿದ್ದಾಳೆ ಎಂದು ಬೇರೆ ಹೇಳಬೇಕಾಗಿಲ್ಲ.

ಮತ್ತೆ ಮತ್ತೆ ಬರುವ ಒಂದು ಸಾಲು ಇರಲಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಮ್ಮ ಭಜನೆಗಳಲ್ಲಿ ಹಾಡುವುದನ್ನು ಕೇಳಿದ್ದೀರಲ್ಲ? ಪಲ್ಲವಿ ಪ್ರತಿ ನುಡಿಯ ನಂತರ ಬರುತ್ತದೆ, ಆದರೆ ಪ್ರತಿ ಸಲ ಅದರ ಭಾರ ಬೇರೆ. ‘ಎಲ್ಲಿಗರೆ ಹೋಗು’ ಎಂಬ ಅಕ್ಕನ ಮಾತನ್ನು ಹಾಗೆ ಬಳಸಿ. ಮೊದಲ ಸಲ ಬರೀ ಬೈಗುಳ. ಸಾವಿನ ನಂತರ ಬಂದಾಗ ಅದು ಗುಟ್ಟು. ಅವ್ವನ ಮುಂದೆ ಬಾಯಿಬಿಟ್ಟ ದಿನ ಅದು ಬೇರೆಯೇ ಮಾತು. ಐದಾರು ಸಲಕ್ಕಿಂತ ಜಾಸ್ತಿ ಬೇಡ.

ಹಂತ 7: ಸರದಿ ಜೋಡಿಸಿ

ದುಃಖದ ಐದು ಹಂತ ಎಂಬ ಮಾತು ಎಲ್ಲರಿಗೂ ಗೊತ್ತು. ನಿರಾಕರಣೆ, ಸಿಟ್ಟು, ಚೌಕಾಸಿ, ಕುಗ್ಗುವಿಕೆ, ಒಪ್ಪಿಗೆ. ಬಹಳ ಜನ ಕಾದಂಬರಿಯನ್ನು ಇದೇ ಐದು ಭಾಗ ಮಾಡುತ್ತಾರೆ. ಮಾಡಬೇಡಿ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ. ಮನೆಯಲ್ಲಿ ಉಳಿದ ಮಗುವಿನ ಲೆಕ್ಕ ಅದಲ್ಲ. ಮಗು ಒಂದೇ ದಿನದಲ್ಲಿ ಸಿಟ್ಟಾಗಿ, ನಕ್ಕು, ಹೊಟ್ಟೆನೋವೆಂದು ಮಲಗಿ, ಸಂಜೆಗೆ ಕುಂಟಾಬಿಲ್ಲೆ ಆಡಬಹುದು.

ಅದರ ಬದಲು ಕ್ಯಾಲೆಂಡರನ್ನೇ ನಂಬಿ. ಮೊದಲ ಹತ್ತು ಹನ್ನೆರಡು ಪದ್ಯಗಳಲ್ಲಿ ತಮ್ಮ ಬದುಕಿರಲಿ. ಅವನು ಕಾಡಿಸಲಿ, ಸುಳ್ಳು ಹೇಳಲಿ, ಅಕ್ಕನ ಕಂಪಾಸು ಮುರಿಯಲಿ. ಸತ್ತವರನ್ನು ದೇವತೆ ಮಾಡಿದರೆ ಓದುಗರಿಗೆ ಅವರು ಪರಿಚಯವೇ ಆಗುವುದಿಲ್ಲ. ಮೂರು ಭಾರದ ಪದ್ಯ ಬಂದ ಮೇಲೆ ಒಂದು ಹಗುರ ಪದ್ಯ ಇಡಿ. ನಗುವ ಪದ್ಯವೇ ಇಲ್ಲದ ಪುಸ್ತಕವನ್ನು ಹದಿನಾಲ್ಕರ ಹುಡುಗರು ಅರ್ಧಕ್ಕೆ ಮುಚ್ಚಿಡುತ್ತಾರೆ, ಅದು ಅವರ ತಪ್ಪಲ್ಲ.

ದೊಡ್ಡ ಪದ್ಯ ಎಲ್ಲಿ ಬರಬೇಕು ಎಂಬುದಕ್ಕೆ ಪಂಚಮಿ ನೋಡಿ. ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಪಾಲು ಹೇಳಿ ಎರೆಯುತ್ತಾರೆ. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ, ಹುಡುಗಿಯನ್ನು ಗೆಳತಿಯ ಅವ್ವ ಕರೆದುಕೊಂಡು ಹೋಗುತ್ತಾಳೆ.

ದೇವರ ಪಾಲು.
ಮುತ್ಯಾನ ಪಾಲು.
ಅಪ್ಪನ ಪಾಲು.
ಅವ್ವನ ಪಾಲು.
ನನ್ನ ಪಾಲು.
ಬಟ್ಟಲದಾಗ ಇನ್ನೂ ಹಾಲದ.

ಇಲ್ಲಿ ನಿಲ್ಲಿಸಿ. ಅವಳು ಆ ಪಾಲು ಹೇಳಿದಳೋ ಇಲ್ಲವೋ ಎಂಬುದು ಮುಂದಿನ ಪದ್ಯದ ಕೆಲಸ. ಅದನ್ನು ಪುಟ ತಿರುಗಿಸಿದ ಮೇಲೆ ಇಡಿ.

ಕೊನೆಗೆ ಹುಡುಗಿ ತಮ್ಮನನ್ನು ‘ಮರೆತು ಮುಂದೆ ಹೋದಳು’ ಎಂದು ಮುಗಿಸಬೇಡಿ. ಮಕ್ಕಳು ಹೋದವರ ಜೊತೆ ಸಂಬಂಧ ಉಳಿಸಿಕೊಂಡೇ ಬೆಳೆಯುತ್ತಾರೆ. ದೊಡ್ಡವರಾದ ಹಾಗೆ ಅದೇ ಸಾವನ್ನು ಹೊಸದಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಹಂತ 8: ಅಪಾಯದ ಗುರುತುಗಳನ್ನು ನೋಡಿ

ಕರಡು ಮುಗಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಕೆಂಪು ಪೆನ್ನು ಹಿಡಿದು ಓದಿ. ಸತತ ನಾಲ್ಕು ಪದ್ಯ ಒಂದೇ ಭಾವದಲ್ಲಿದ್ದರೆ ಅದು ಗುರುತು. ಹುಡುಗಿ ತತ್ವಜ್ಞಾನಿಯಂತೆ ಮಾತಾಡಿದರೆ ಗುರುತು. ಎಲ್ಲವನ್ನೂ ಬಿಡಿಸಿ ಹೇಳುವ ಒಬ್ಬ ಒಳ್ಳೆಯ ಮೇಷ್ಟ್ರು ಕಥೆಗೆ ಬಂದಿದ್ದರೆ ದೊಡ್ಡ ಗುರುತು. ಆ ಪಾತ್ರವನ್ನು ತೆಗೆದೇ ನೋಡಿ. ಪದ್ಯದ ಕೊನೆಯ ಎರಡು ಸಾಲನ್ನು ಬೆರಳಿನಿಂದ ಮುಚ್ಚಿ ಓದಿ. ಮುಚ್ಚಿದಾಗಲೇ ಚೆನ್ನಾಗಿದೆ ಅನ್ನಿಸಿದರೆ ಹೊಡೆದುಹಾಕಿ. ಮೂರರಲ್ಲಿ ಒಂದು ಪದ್ಯಕ್ಕಾದರೂ ಹೀಗಾಗುತ್ತದೆ.

ಬರೆಯುತ್ತಾ ನಿಮಗೇ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಅದೂ ಒಂದು ಗುರುತು. ನಿಮ್ಮದೇ ಮನೆಯ ಸಾವನ್ನು ಬರೆಯುತ್ತಿದ್ದರೆ ಇನ್ನೂ ಎಚ್ಚರ ಬೇಕು. ನಿಲ್ಲಿಸಿ, ನಂಬಿಕೆಯವರ ಜೊತೆ ಮಾತಾಡಿ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಹಂತ 9: ಹರೆಯದವರ ಕೈಗೆ ಕೊಡಿ

14ರಿಂದ 17ರ ಮೂರ್ನಾಲ್ಕು ಜನ ಸಾಕು. ಕೊಡುವ ಮುಂಚೆ ವಿಷಯ ಏನು ಎಂದು ಅವರಿಗೂ ಮನೆಯವರಿಗೂ ಹೇಳಿ. ಇತ್ತೀಚೆಗೆ ಸಾವು ಕಂಡ ಮಗುವಿಗೆ ಪರೀಕ್ಷೆಗೆಂದು ಕೊಡಬೇಡಿ, ಅಂಥ ಮಗುವನ್ನು ಕೂರಿಸಿಕೊಂಡು ವಿವರ ಕೇಳಲೂ ಬೇಡಿ. ‘ಹೇಗಿದೆ?’ ಎಂದು ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಎಲ್ಲಿ ಪುಟ ಹಾರಿಸಿದೆ?’ ಎಂದು ಕೇಳಿ.

ಕಥೆಯಲ್ಲಿರುವುದು ಆತ್ಮಹತ್ಯೆಯಾದರೆ ಹೇಗೆ ಎಂಬ ವಿವರ ಒಂದು ಸಾಲೂ ಬೇಡ, ಅದನ್ನು ಬಿಡುಗಡೆ ಎನ್ನುವಂತೆ ತೋರಿಸುವುದೂ ಬೇಡ. ಸಾವು ಯಾವುದೇ ಇರಲಿ, ಪುಸ್ತಕದ ಕೊನೆಯ ಪುಟದಲ್ಲಿ ಸಹಾಯವಾಣಿ ಹಾಕಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಹಂತ 10: ಅಚ್ಚಿಗೆ ಕೊಡುವಾಗ

ಇಷ್ಟೆಲ್ಲಾ ಮಾಡಿ ಡಿಟಿಪಿಯಲ್ಲಿ ಪುಸ್ತಕ ಹಾಳಾಗುವುದುಂಟು. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಗದ್ಯದಂತೆ ಎರಡೂ ಅಂಚು ಸಮ ಮಾಡಿದರೆ ಸಣ್ಣ ಸಾಲಿನ ಪದಗಳು ಪುಟದುದ್ದಕ್ಕೂ ಹರಡಿಕೊಳ್ಳುತ್ತವೆ. ‘ಎಡ ಅಂಚು ಮಾತ್ರ ಸಮ ಇರಲಿ, ನಡುವಿಗೂ ತರಬೇಡಿ’ ಎಂದು ಆಪರೇಟರ್‌ಗೆ ಬರೆದೇ ಕೊಡಿ. ಉದ್ದ ಸಾಲೊಂದು ಪುಟದ ಅಗಲಕ್ಕೆ ಹಿಡಿಸದೆ ಕೆಳಗೆ ಬಿದ್ದರೆ ಓದುಗರು ಅದನ್ನು ನೀವೇ ಮುರಿದ ಸಾಲು ಅಂದುಕೊಳ್ಳುತ್ತಾರೆ. ಹಾಗಾಗಿ ಡೆಮಿ 1/8 (ಮಾಮೂಲಿ ಕಾದಂಬರಿಯ) ಅಳತೆಯ ಒಂದು ಪುಟವನ್ನು ಮೊದಲೇ ಪ್ರಿಂಟ್ ತೆಗೆಸಿ, ನಿಮ್ಮ ಅತಿ ಉದ್ದದ ಸಾಲು ಅದರಲ್ಲಿ ಕೂರುತ್ತದಾ ನೋಡಿ.

ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಿ.

ಪ್ರೂಫ್ ಎರಡು ಸಲ ನೋಡಿ. ಒಂದು ಸಲ ಕಾಗುಣಿತಕ್ಕೆ. ಇನ್ನೊಂದು ಸಲ ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು ಸಾಲು ಮುರಿತಕ್ಕೆ ಮಾತ್ರ.